ಕಿಟಕಿ ಸಾಲಿಗೆ ಎರಡೇ ಅಂಕ

ಲೆಕ್ಕದ ಮೇಡಂಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಸರಕಾರಿ ಮಾಧ್ಯಮಿಕ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಅದಕ್ಕೇ ಅವಳಿಗೆ ‘ಸಿಡಿಲು’ ಎಂದು ಹೆಸರಿಟ್ಟಿದ್ದರು. ಆದರೆ ಆ ಸೋಮವಾರ ಬೆಳಿಗ್ಗೆ ಲಕೋಟೆಯೊಂದನ್ನು ಕೈಯಲ್ಲಿ ಹಿಡಿದು ಅವಳು ಬಸ್ಸಿಳಿದು ಶಿಕ್ಷಣ ಕಚೇರಿಯ ಮೆಟ್ಟಿಲು ಹತ್ತಿದ ರೀತಿ ನೋಡಿದ್ದರೆ, ಆ ಹೆಸರೂ ಸಾಲದು ಎನ್ನುತ್ತಿದ್ದರು.

ಎರಡನೇ ಮಹಡಿಯ ಕೊನೆಯ ಕೋಣೆ. ಒಳಗೆ ಎರಡು ಮೇಜುಗಳು. ಒಂದರ ಹಿಂದೆ ಕನ್ನಡಕದ ಹೆಂಗಸೊಬ್ಬಳು, ಅಲ್ಲಿನ ಗುಮಾಸ್ತೆ, ಫೈಲುಗಳಿಗೆ ದಾರ ಕಟ್ಟುತ್ತಿದ್ದಳು. ಇನ್ನೊಂದರ ಹಿಂದೆ ಅವನಿದ್ದ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು. ಹತ್ತು ದಿನದ ಹಿಂದೆ ಶಾಲೆಯ ಗುಣಮಟ್ಟ ಅಳೆಯಲು ಬಂದು, ಮೂರು ದಿನ ಇದ್ದು, ಎಲ್ಲರ ಹತ್ತಿರ ಒಳ್ಳೆಯವನು ಎನಿಸಿಕೊಂಡು ಹೋದ ಇನ್‌ಸ್ಪೆಕ್ಟರ್.

“ಇದೇನ್ರೀ ಇದು?”

ಲಕೋಟೆ ಅವನ ಮೇಜಿನ ಮೇಲೆ ಬಿತ್ತು. ಅವನು ತಟ್ಟನೆ ಎದ್ದು ನಿಂತ.

“ಮೇಡಂ... ಕೂತ್ಕೊಳ್ಳಿ.”

“ಕೂತ್ಕೊಳ್ಳೋಕೆ ಬಂದಿಲ್ಲ. ನೂರಕ್ಕೆ ಐವತ್ತೊಂಬತ್ತು! ಅರವತ್ತಕ್ಕಿಂತ ಕಡಿಮೆ ಬಂದ್ರೆ ಶಾಲೆ ಮುಚ್ತಾರೆ ಅಂತ ನಿಮಗೆ ಗೊತ್ತಿತ್ತು ತಾನೆ?”

“ಗೊತ್ತಿತ್ತು.”

“ನೂರ ಹನ್ನೆರಡು ಮಕ್ಕಳನ್ನ ಹೆದ್ದಾರಿ ಆಚೆ ಇರೋ ದೊಡ್ಡ ಶಾಲೆಗೆ ಅಟ್ಟುತ್ತಾರೆ ಅಂತ?”

“ಗೊತ್ತಿತ್ತು ಮೇಡಂ. ನಿಮಗೆ ತಕರಾರಿದ್ರೆ ಏಳು ದಿನದೊಳಗೆ ಬರವಣಿಗೇಲಿ...”

“ನನ್ನ ತಕರಾರು ಬಾಯಲ್ಲೇ ಇದೆ, ಕೇಳಿಸ್ಕೊಳ್ಳಿ! ಆ ಲಾರಿಗಳ ಮಧ್ಯೆ ಯಾರು ತಮ್ಮ ಮಗಳನ್ನ ದಿನಾ ರಸ್ತೆ ದಾಟಿಸ್ತಾರೆ? ಅರ್ಧಕ್ಕರ್ಧ ಹುಡುಗೀರು ಮನೇಲೇ ಉಳೀತಾರೆ. ಆ ದೊಡ್ಡ ಶಾಲೆಗೆ ನೀವು ಕೊಟ್ಟಿರೋದು ಎಂಬತ್ತೆರಡು. ಯಾಕೆ? ಗೇಟಿಗೆ ಬಣ್ಣ ಇದೆ, ಐದಕ್ಕೆ ಐದು. ಹತ್ತು ಕಂಪ್ಯೂಟರ್ ಇದೆ, ಐದಕ್ಕೆ ಐದು. ಆ ಕಂಪ್ಯೂಟರ್ ಮೇಲೆ ಹೊದಿಸಿರೋ ಬಟ್ಟೆ ಇವತ್ತಿನವರೆಗೂ ತೆಗೆದಿಲ್ಲ, ಅದಕ್ಕೆ ಯಾವ ಸಾಲಿನಲ್ಲಿ ಅಂಕ ಕಳೀತೀರಿ?”

“ಆ ಫಾರಂ ನಾನು ಮಾಡಿದ್ದಲ್ಲ.”

“ತುಂಬಿಸಿದ್ದು ಯಾರು, ನಮ್ಮಜ್ಜಿನಾ?”

ಗುಮಾಸ್ತೆಯ ಕೈಯಲ್ಲಿ ದಾರ ನಿಂತಿತು. ಅವಳ ಕಿವಿ ನೆಟ್ಟಗಾಗಿದ್ದು ಕೋಣೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲ.

ಮೇಡಂ ಲಕೋಟೆಯಿಂದ ಅಂಕದ ಹಾಳೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಹನ್ನೊಂದನೇ ಸಾಲು: ‘ಶಿಕ್ಷಕರು ಎಲ್ಲ ಮಕ್ಕಳನ್ನೂ ಗಮನಿಸುತ್ತಾರೆಯೇ?’ ಏಳನೇ ತರಗತಿಯ ಗಣಿತದ ಪಾಠ ನೋಡಿ ಹಾಕಿದ್ದ ಅಂಕ ಅದು. ಇಂಕಿನಲ್ಲಿ ಐದಕ್ಕೆ ಎರಡು. ಅದರ ಕೆಳಗೆ, ಪೆನ್ಸಿಲ್ ಒತ್ತಿದ ಗುರುತು ಇನ್ನೂ ಉಳಿದಿತ್ತು. ರಬ್ಬರ್ ಹಾಕಿ ತಿಕ್ಕಿದ್ದರೂ ಹೋಗದ ನಾಲ್ಕು.

“ಮೊದಲು ನಾಲ್ಕು ಬರೆದು ಅಳಿಸಿದ್ದೀರಿ. ಯಾರು ಫೋನ್ ಮಾಡಿದ್ರು? ನಮ್ಮ ಶಾಲೆ ಜಾಗದ ಮೇಲೆ ಯಾರ ಕಣ್ಣು ಬಿದ್ದಿದೆ, ಹೇಳಿ!”

“ಯಾರೂ ಫೋನ್ ಮಾಡ್ಲಿಲ್ಲ. ನಾನೇ ಅಳಿಸಿದೆ.”

“ಯಾಕೆ?”

ಅವನು ಗುಮಾಸ್ತೆಯ ಕಡೆ ನೋಡಿದ. ಎದ್ದು ಹೋಗುವ ಯಾವ ಲಕ್ಷಣವೂ ಅವಳಲ್ಲಿ ಕಾಣಲಿಲ್ಲ.

ನಿಜ ಹೇಳಬೇಕೆಂದರೆ ಮೇಡಂನ ಸಿಟ್ಟಿಗೆ ಶಾಲೆಯೊಂದೇ ಕಾರಣವಾಗಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳು ಎಷ್ಟೋ ತಪಾಸಣೆ ನೋಡಿದ್ದಳು. ಕುರ್ಚಿ ಕೇಳುವವರು, ಕಾಫಿ ಕೇಳುವವರು, ಮಕ್ಕಳನ್ನು ಹೆದರಿಸುವವರು. ಇವನು ಮಾತ್ರ ಬಾಗಿಲಲ್ಲಿ ನಿಂತು, “ಒಳಗೆ ಬರಬಹುದಾ ಮೇಡಂ?” ಎಂದು ಕೇಳಿ, ಅವಳು ಹೂಂ ಎನ್ನುವವರೆಗೆ ಅಲ್ಲೇ ನಿಂತಿದ್ದ. ಆಮೇಲೆ ಕಿಟಕಿ ಸಾಲಿನ ಕೊನೆಯ ಬೆಂಚಿಗೆ ಹೋಗಿ ಕೂತ. ಬೆಂಚು ಮಕ್ಕಳ ಅಳತೆಯದು, ಇವನ ಮೊಣಕಾಲು ಎದೆಯ ತನಕ ಬಂದಿತ್ತು.

ಅವಳಿಗೆ ನಗು ತಡೆಯಲಾಗಲಿಲ್ಲ. ಒಂದೇ ಒಂದು ಸಲ ಆ ಕಡೆ ನೋಡಿದಳು. ಅವನು ಬೋರ್ಡ್ ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದೆನೆಂದು ಗೊತ್ತಾದಾಗ ಕಣ್ಣು ತಪ್ಪಿಸದೆ, ತುಟಿಯ ಒಂದು ಬದಿಯಲ್ಲಿ ಮಾತ್ರ ನಕ್ಕ. ಅವಳು ಬೋರ್ಡಿಗೆ ತಿರುಗಿ ಏಳೆಂಟ್ಲಿ ಐವತ್ತನಾಲ್ಕು ಎಂದು ಬರೆದುಬಿಟ್ಟಳು. ನಲವತ್ತು ಮಕ್ಕಳು ಒಟ್ಟಿಗೆ, “ಮೇಡಂ, ಐವತ್ತಾರು!” ಎಂದು ಕೂಗಿದರು. ಮಗ್ಗಿ ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುವ ಮೇಡಂ ಅವಳು. ಕಿವಿಯೆಲ್ಲ ಬಿಸಿಯಾಯಿತು. ಇನ್ನು ಆ ಕಡೆ ತಲೆ ಎತ್ತಿಯೂ ನೋಡುವುದಿಲ್ಲ ಎಂದು ಆ ಕ್ಷಣವೇ ಗಟ್ಟಿ ಮಾಡಿಕೊಂಡಳು.

ಸ್ಟಾಫ್ ರೂಮಿನಲ್ಲಿ ಅವನು ಟೀ ಕುಡಿದ ಲೋಟವನ್ನು ತಾನೇ ತೊಳೆದಿಟ್ಟ. ಪಕ್ಕದಲ್ಲಿದ್ದ ಅವಳ ಲೋಟವನ್ನೂ ತೊಳೆದ. ಹೆಡ್ ಮೇಡಂ ಅದನ್ನು ನೋಡಿ ಮುಗುಳ್ನಕ್ಕರು. ಬಾಯಿಬಿಟ್ಟು ಕೇಳಿದ್ದು ಮನೆಯಲ್ಲಿ ಅವಳ ಅಕ್ಕ: “ಏನೇ, ತಪಾಸಣೆ ಶಾಲೆಗೋ ನಿನಗೋ? ಮೂರು ದಿನದಿಂದ ಇಸ್ತ್ರಿ ಪೆಟ್ಟಿಗೆಗೆ ಬಿಡುವೇ ಇಲ್ಲ.”

ಅಂಥವನು ಈ ಹಾಳೆ ಕಳಿಸಿದ್ದ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

“ಬಾಯಿಗೆ ಬೀಗ ಹಾಕ್ಕೊಂಡಿದ್ದೀರಾ? ಯಾಕೆ ಅಳಿಸಿದ್ರಿ?”

ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟ.

“ಮೊದಲ ದಿನ ಸಂಜೆ ಪೆನ್ಸಿಲಲ್ಲಿ ನಾಲ್ಕು ಅಂತ ಬರೆದಿದ್ದೆ. ಮೂರನೇ ದಿನ ಇಂಕಿನಲ್ಲಿ ತುಂಬಿಸೋಕೆ ಕೂತೆ. ಆಗ ಅನುಮಾನ ಬಂತು. ಈ ನಾಲ್ಕು ಪಾಠ ನೋಡಿ ಕೊಟ್ಟಿದ್ದಾ, ನಿಮ್ಮನ್ನ ನೋಡಿ ಕೊಟ್ಟಿದ್ದಾ ಅಂತ. ನನಗೇ ಗೊತ್ತಾಗ್ಲಿಲ್ಲ ಮೇಡಂ. ಹೆದರಿಕೆ ಆಯ್ತು. ಪಕ್ಷಪಾತ ಆಗಬಾರದು ಅಂತ... ಎರಡು ಹಾಕ್ದೆ.”

ಗುಮಾಸ್ತೆಯ ಮೇಜಿನಿಂದ ದಾರದ ಉಂಡೆ ಕೆಳಗೆ ಬಿದ್ದು ಬಾಗಿಲ ತನಕ ಉರುಳಿತು. ಯಾರೂ ಎತ್ತಲಿಲ್ಲ.

ಒಂದು ಕ್ಷಣ, ಒಂದೇ ಕ್ಷಣ, ಮೇಡಂಗೆ ಹಿತವೆನಿಸಿತು. ಆ ಹಿತದ ಬೆನ್ನಿಗೇ ಸಿಟ್ಟು ಎರಡರಷ್ಟಾಗಿ ಬಂತು.

“ಅಂದ್ರೆ ನಿಮಗೆ ನನ್ನ ಮೇಲೆ ಮನಸ್ಸಾಯ್ತು ಅಂತ ನೂರ ಹನ್ನೆರಡು ಮಕ್ಕಳು ಹೆದ್ದಾರಿ ದಾಟಬೇಕಾ? ಇದ್ಯಾವ ನ್ಯಾಯ ರೀ? ಇಷ್ಟ ಆದ್ರೆ ಜನ ಒಂದು ಮಾತು ಹೇಳ್ತಾರೆ, ಇಲ್ಲ ಸುಮ್ಮನಿರ್ತಾರೆ. ಅಂಕ ಕಳೆಯೋರನ್ನ ನಾನೆಲ್ಲೂ ನೋಡಿಲ್ಲ!”

“ನನ್ನದು ತಪ್ಪಾಯ್ತು.”

“ತಪ್ಪಾಯ್ತಂತೆ! ಸರಿಯಾಗಿ ಎಷ್ಟು ಕೊಡಬೇಕಿತ್ತು? ನಿಜ ಹೇಳಿ.”

ಅವನು ಸ್ವಲ್ಪ ಹೊತ್ತು ಯೋಚಿಸಿದ. ಅಲ್ಲಿ ಯೋಚಿಸಿದ್ದೇ ಅವನ ದೊಡ್ಡ ತಪ್ಪು.

“ಮೂರು.”

“ಮೂರಾ?”

“ಹೌದು ಮೇಡಂ.”

“ಮೂರು ಅಂತ ಯಾವ ಬಾಯಲ್ಲಿ ಹೇಳ್ತೀರಿ? ಹನ್ನೊಂದು ವರ್ಷದಿಂದ ಗಂಟಲು ಹರ್ಕೊಂಡು ಪಾಠ ಮಾಡ್ತಿದ್ದೀನಿ!”

“ಪಾಠಕ್ಕಲ್ಲ, ಕಿಟಕಿ ಸಾಲಿಗೆ. ಮೂರು ದಿನ ಆ ಸಾಲಿನಲ್ಲಿ ಒಂದು ಮಗುವಿಗೂ ನೀವು ಪ್ರಶ್ನೆ ಕೇಳ್ಲಿಲ್ಲ. ನನ್ನ ಮುಂದಿನ ಬೆಂಚಿನಲ್ಲಿ ಎರಡು ಜಡೆ ಹುಡುಗಿ ಇದ್ದಾಳಲ್ಲ, ಅವಳು ಹದಿನಾಲ್ಕು ಸಲ ಕೈ ಎತ್ತಿದ್ಲು. ಎಣಿಸಿದ್ದೀನಿ. ಹದಿನಾಲ್ಕಾದ ಮೇಲೆ ಎತ್ತೋದೇ ಬಿಟ್ಟಳು.”

“ನೀವು ಅಲ್ಲಿ ಕೂತಿದ್ರಲ್ಲ!” ಮೇಡಂ ಕಿರುಚಿದಳು. “ಇಡೀ ಕ್ಲಾಸಿನಲ್ಲಿ ಬೇರೆ ಬೆಂಚೇ ಸಿಗ್ಲಿಲ್ವಾ ನಿಮಗೆ? ನಿಮ್ಮ ಮುಖ ನೋಡಿದ್ರೆ ನನಗೆ ಮಗ್ಗಿನೇ ಮರೆತು ಹೋಗುತ್ತೆ! ಅದಕ್ಕೇ ನೋಡ್ಲಿಲ್ಲ!”

ಹೇಳಿದ ಮೇಲೆ ಅವಳಿಗೇ ಕೇಳಿಸಿತು. ಬಾಯಿಂದ ಬಿದ್ದ ಮಾತನ್ನು ಅಳಿಸಲು ರಬ್ಬರ್ ಇಲ್ಲ.

ಗುಮಾಸ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

“ಹಾಗಾದ್ರೆ...” ಅವನ ತುಟಿಯ ಆ ಒಂದು ಬದಿ ಮೆಲ್ಲಗೆ ಮೇಲೆದ್ದಿತು.

“ಹಾಗಾದ್ರೆ ಏನೂ ಇಲ್ಲ! ನಗಬೇಡಿ.”

ಅವನು ನಗುವುದನ್ನು ನಿಲ್ಲಿಸಿದ. ಹಾಳೆಯ ಹನ್ನೊಂದನೇ ಸಾಲನ್ನೇ ನೋಡುತ್ತ, “ಆದ್ರೆ ಆ ಹುಡುಗಿಗೆ ಇದೆಲ್ಲ ಗೊತ್ತಿಲ್ವಲ್ಲ ಮೇಡಂ,” ಎಂದ.

ಅವಳು ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟಳು. ಕಳೆದ ವಾರವಷ್ಟೇ ಎರಡು ಜಡೆ ಹುಡುಗಿ ಕೈಕಟ್ಟಿ ಸುಮ್ಮನೆ ಕೂತಿದ್ದನ್ನು ನೋಡಿ, “ಏನೇ ಸೋಮಾರಿ, ಬಾಯಲ್ಲಿ ಏನಿಟ್ಕೊಂಡಿದ್ದೀಯಾ?” ಎಂದು ಗದರಿದ್ದಳು. ಹುಡುಗಿ ತಲೆ ತಗ್ಗಿಸಿದ್ದಳು. ಅಷ್ಟು ಹೊತ್ತು ಅವನ ಮೇಲಿದ್ದ ಸಿಟ್ಟೆಲ್ಲ ಈಗ ತನ್ನ ಮೇಲೆಯೇ ತಿರುಗಿತು, ಮತ್ತು ಅದನ್ನು ಯಾರ ಮುಖಕ್ಕೆ ಎಸೆಯುವುದೆಂದು ಅವಳಿಗೆ ತಿಳಿಯಲಿಲ್ಲ.

“ಈಗೇನು ಮಾಡೋದು?” ದನಿ ಸಣ್ಣದಾಗಿತ್ತು.

“ಇಂಕಿನ ಮೇಲೆ ನಾನು ತಿದ್ದೋ ಹಾಗಿಲ್ಲ. ತಿದ್ದಿದ್ರೆ ಆ ಮೂರನ್ನೂ ಯಾರೂ ನಂಬಲ್ಲ. ಆದ್ರೆ ನನ್ನ ತಪಾಸಣೆ ಸರಿಯಿಲ್ಲ ಅಂತ ನಾನೇ ಬರೆದುಕೊಡಬಹುದು. ಆಗ ಬೇರೆಯವರು ಬಂದು ಮೊದಲಿಂದ ನೋಡ್ತಾರೆ.”

ಅವನ ಮಾತು ಮುಗಿಯುವುದರೊಳಗೆ ಗುಮಾಸ್ತೆ ಬೀರುವಿನಿಂದ ಹಳದಿ ಬಣ್ಣದ ಫಾರಂ ತೆಗೆದು ಧೂಳು ಕೊಡವಿ ಮೇಜಿನ ಮೇಲಿಟ್ಟಿದ್ದಳು. “ಹನ್ನೆರಡು ವರ್ಷದಿಂದ ಇಲ್ಲೇ ಬಿದ್ದಿದೆ. ಒಬ್ಬರೂ ಕೇಳಿರಲಿಲ್ಲ.”

ಅವನು ಪೆನ್ಸಿಲನ್ನು ಡ್ರಾಯರಿಗೆ ಹಾಕಿ, ಪೆನ್ನು ತೆಗೆದ. ‘ಕಾರಣ’ ಎಂಬಲ್ಲಿ ನಿಧಾನವಾಗಿ, ದುಂಡಗೆ ಬರೆದ: ‘ಏಳನೇ ತರಗತಿಯ ಗಣಿತ ಶಿಕ್ಷಕಿಯ ಬಗ್ಗೆ ನನಗೆ ಪ್ರೀತಿ ಮೂಡಿರುವುದರಿಂದ ನಾನು ನೀಡಿದ ಅಂಕಗಳನ್ನು ನಂಬಲಾಗದು. ಮರುತಪಾಸಣೆ ಮಾಡಿಸಬೇಕೆಂದು ಕೋರುತ್ತೇನೆ.’

“ರೀ! ವೈಯಕ್ತಿಕ ಕಾರಣ ಅಂತ ಬರೀಬಾರದಾ? ಇದರ ಪ್ರತಿ ನಮ್ಮ ಹೆಡ್ ಮೇಡಂಗೆ ಹೋಗುತ್ತೆ!”

“ಹಾಗೆ ಬರೆದ್ರೆ ಸ್ಪಷ್ಟ ಇಲ್ಲ ಅಂತ ವಾಪಸ್ ಬರುತ್ತಮ್ಮ,” ಎಂದಳು ಗುಮಾಸ್ತೆ. “ಇದು ಸ್ಪಷ್ಟವಾಗಿದೆ.”

“ನಿಮ್ಮ ಕೆಲಸದ ಗತಿ?”

“ತಪಾಸಣೆಯಿಂದ ತೆಗೆದು ದಾಸ್ತಾನು ವಿಭಾಗಕ್ಕೆ ಹಾಕ್ತಾರೆ. ಶಾಲೆಗಳ ಬೆಂಚು, ಕುರ್ಚಿ ಎಣಿಸೋ ಕೆಲಸ.”

“ಒಳ್ಳೇದಾಯ್ತು. ನಿಮಗೆ ಅದೇ ಸರಿ,” ಎಂದಳು. ಮುಖ ಕಾಣಬಾರದೆಂದು ತಟ್ಟನೆ ತಿರುಗಿ, ಬಾಗಿಲನ್ನು ಜೋರಾಗಿ ಎಳೆದುಕೊಂಡು ಹೊರಟಳು. ಬಾಗಿಲಿಗೆ ಚಿಲಕವಿರಲಿಲ್ಲ, ಅದು ಮತ್ತೆ ತೆರೆದುಕೊಂಡಿತು.

ಆ ಫಾರಂನ ಪ್ರತಿ ಶಾಲೆಗೆ ಬಂದ ದಿನ ಹೆಡ್ ಮೇಡಂ ಅದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದರು. ಡ್ರಾಯಿಂಗ್ ಮೇಷ್ಟ್ರು ಕೇಳಿಸಲಿಲ್ಲವೆಂದು ಸುಳ್ಳು ಹೇಳಿದ್ದಕ್ಕೆ ಇನ್ನೊಮ್ಮೆ ಓದಿದರು. ಮೇಡಂ ಚಾಕ್‌ಪೀಸ್ ಡಬ್ಬಿ ಹಿಡಿದು ಎದ್ದು ಹೋದಳು.

ನೇರ ಕಿಟಕಿ ಸಾಲಿಗೇ ಹೋದಳು.

“ನೀನು ಸೋಮಾರಿಯಲ್ಲ. ನಾನೇ ನಿನ್ನ ಕಡೆ ನೋಡಿರಲಿಲ್ಲ. ನನ್ನದೇ ತಪ್ಪು,” ಎಂದಳು ಎರಡು ಜಡೆ ಹುಡುಗಿಗೆ, ಎಲ್ಲರಿಗೂ ಕೇಳುವಂತೆ. “ಹದಿನಾಲ್ಕು ಪ್ರಶ್ನೆ ಕೇಳ್ತೀನಿ. ಎದ್ದು ನಿಲ್ಲು.”

ಮೊದಲ ಮೂರಕ್ಕೆ ಹುಡುಗಿಯ ದನಿಯೇ ಹೊರಡಲಿಲ್ಲ. ಎಂಟನೆಯದರ ಹೊತ್ತಿಗೆ ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಬರುತ್ತಿತ್ತು. ಹದಿನಾಲ್ಕಾದ ಮೇಲೆ, “ಇನ್ನೊಂದು ಕೇಳಿ ಮೇಡಂ,” ಎಂದಳು.

ಮರುತಪಾಸಣೆಗೆ ಬಂದವರು ನಗುವುದೇ ಗೊತ್ತಿಲ್ಲದ ಹಿರಿಯ ಹೆಂಗಸು. ಅವರೂ ಹೋಗಿ ಅದೇ ಬೆಂಚಿನಲ್ಲಿ ಕೂತರು. ಹನ್ನೊಂದನೇ ಸಾಲಿಗೆ ನಾಲ್ಕು ಕೊಟ್ಟರು, ಗೇಟಿನ ಬಣ್ಣ ಉದುರಿದ್ದಕ್ಕೆ ಒಂದು ಕಳೆದರು. ಮಿಕ್ಕಿದ್ದೆಲ್ಲ ಮೊದಲಿನಂತೆಯೇ; ಒಟ್ಟು ಅರವತ್ತು. ಶಾಲೆ ಉಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಮೇಡಂ ಮಾತ್ರ ತಟ್ಟಲಿಲ್ಲ. ಗೇಟಿನ ಬಣ್ಣ ಇನ್ನೊಂದು ಚೂರು ಉದುರಿದ್ದರೆ ಆ ಹದಿನಾಲ್ಕು ಉತ್ತರಗಳಿಗೆ ಬೆಲೆಯೇ ಇರುತ್ತಿರಲಿಲ್ಲವಲ್ಲ ಎಂದು ಅವಳ ಮೈ ಉರಿಯುತ್ತಿತ್ತು. ಮರುದಿನ ತಾನೇ ಒಂದು ಡಬ್ಬಿ ಬಣ್ಣ ತಂದು, ಬೈದುಕೊಳ್ಳುತ್ತಲೇ ಗೇಟಿಗೆ ಬಳಿದಳು.

ಎರಡು ವಾರ ಕಳೆದಿತ್ತು. ಶಾಲೆ ಬಿಟ್ಟ ಮೇಲೆ, ಮರೆತ ಛತ್ರಿ ತೆಗೆದುಕೊಳ್ಳಲು ಮೇಡಂ ಏಳನೇ ತರಗತಿಗೆ ಬಂದಳು. ಒಳಗೆ ಅವನಿದ್ದ. ಕೈಯಲ್ಲಿ ದಾಸ್ತಾನು ಪುಸ್ತಕ. ಬೆಂಚುಗಳ ನಡುವೆ ಬೆರಳು ತೋರಿಸುತ್ತ ಬಾಯಲ್ಲೇ ಎಣಿಸುತ್ತಿದ್ದ. ಅವಳನ್ನು ಕಂಡು ನಿಂತ.

“ಎಷ್ಟಾಯ್ತು?” ಎಂದಳು, ಬಾಗಿಲಲ್ಲೇ ನಿಂತು.

“ಹದಿನೇಳೋ, ಹದಿನೆಂಟೋ. ಮತ್ತೆ ಮೊದಲಿಂದ ಎಣಿಸಬೇಕು.”

“ಅಷ್ಟೂ ಎಣಿಸೋಕೆ ಬರಲ್ವಾ?”

“ಬರ್ತಿತ್ತು. ನೀವು ಬರೋ ತನಕ.”

ಅವಳಿಗೆ ನಗು ಬಂತು, ನಗಲಿಲ್ಲ. ಕಿಟಕಿ ಸಾಲಿನ ಕೊನೆಯ ಬೆಂಚಿಗೆ ಕೈ ತೋರಿಸಿದಳು. “ಅಲ್ಲಿ ಕೂತ್ಕೊಳ್ಳಿ.”

ಅವನು ಹೋಗಿ ಕೂತ. ಮೊಣಕಾಲು ಎದೆಯ ತನಕ ಬಂತು.

ಅವಳು ಬೋರ್ಡಿನ ಮುಂದೆ ನಿಂತು ಚಾಕ್‌ಪೀಸ್ ಎತ್ತಿಕೊಂಡಳು. ಆ ಮೂರು ದಿನ ನೋಡದೆ ಉಳಿಸಿದ್ದನ್ನೆಲ್ಲ ಸೇರಿಸಿ ಈಗ ನೋಡಿದಳು, ನೇರವಾಗಿ, ರೆಪ್ಪೆ ಬಡಿಯದೆ. ಈ ಸಲ ಕಣ್ಣು ತಗ್ಗಿಸಿದ್ದು ಅವನೇ.

“ಏಳೆಂಟ್ಲಿ ಐವತ್ತಾರು,” ಎಂದಳು, ಅವನ ಮುಖದಿಂದ ಕಣ್ಣು ತೆಗೆಯದೆ. “ಈಗ ಹೇಳಿ. ಎಷ್ಟು ಕೊಡ್ತೀರಿ?”

ಅವನ ಕೈ ಅಭ್ಯಾಸದಿಂದ ಕಿವಿಗೆ ಹೋಯಿತು, ಆಮೇಲೆ ಜೇಬಿಗೆ.

“ಪೆನ್ಸಿಲ್ ತಂದಿಲ್ಲ, ಮೇಡಂ.”

“ಮೇಡಂ ಅನ್ಬೇಡಿ,” ಎಂದು ಗದರಿದಳು, ಮತ್ತು ಅವನು ತಲೆ ಎತ್ತುವವರೆಗೂ ಆ ಕಡೆಯೇ ನೋಡುತ್ತ ನಿಂತಳು.