ಬಾಲದಲ್ಲಿ ಕೂತವನ ಬುರುಡೆ

ಒಂದೇ ಗುಂಡಿಗೆ ಏಳು ಯುದ್ಧವಿಮಾನ ಉರುಳಿಸಿದ ವೀರ ಈ ಭೂಮಿಯ ಮೇಲೆ ಒಬ್ಬನೇ. ಅವನೇ ಹೇಳಿಕೊಂಡದ್ದು, ಆದ್ದರಿಂದ ನಿಜವಿರಲೇಬೇಕು.

"ಮೊದಲನೇದಕ್ಕೆ ತಾಗಿತು. ಅದು ಎರಡನೇದರ ಮೇಲೆ ಬಿತ್ತು. ಎರಡನೇದು ಮೂರನೇದರ ಮೇಲೆ..."

ಏಳನೆಯದು ಬೀಳುವ ಮೊದಲೇ ಬಾಗಿಲಿಗೆ ಒದೆ ಬಿತ್ತು.

ಕಾವಲಿನವರು ಆರು ಮಂದಿ. ಹಾಸಿಗೆ ಮುಟ್ಟಲಿಲ್ಲ. ಪೆಟ್ಟಿಗೆ ತೆರೆಯಲಿಲ್ಲ. ನೇರ ಒಲೆಯ ಬಳಿ ಹೋದರು. ಎಡದಿಂದ ಮೂರನೇ ಇಟ್ಟಿಗೆ ಕಿತ್ತರು. ಅದರ ಹಿಂದೆ ಅಡಗಿಸಿಟ್ಟಿದ್ದ ಪುಟ್ಟ ರೇಡಿಯೋ ಹೊರಬಂತು. ಅದನ್ನು ಜೋಡಿಸಿದ್ದ ಹಿರಿಯ ಪೈಲಟ್‌ನನ್ನು, ಎಲ್ಲರೂ ಅಣ್ಣ ಎನ್ನುತ್ತಿದ್ದವನನ್ನು, ಕುತ್ತಿಗೆ ಹಿಡಿದು ಎಳೆದೊಯ್ದರು.

ಯುದ್ಧಕೈದಿಗಳ ಆ ಮರದ ಬ್ಯಾರಕ್ಕಿನಲ್ಲಿ ಹತ್ತು ಜನ ಉಳಿದರು. ಎಲ್ಲರೂ ಬಾಂಬರ್ ವಿಮಾನದಿಂದ ಬಿದ್ದು ಶತ್ರುವಿನ ಕೈಗೆ ಸಿಕ್ಕವರೇ. ಯಾರೋ ಒಬ್ಬ ಬಾಯಿಬಿಟ್ಟಿದ್ದ.

ಒಂಬತ್ತು ಜೊತೆ ಕಣ್ಣು ಬುರುಡೆಯ ಮೇಲೆ ನೆಟ್ಟವು. ಹೌದು, ಏಳು ವಿಮಾನದ ವೀರನಿಗೆ ಅಲ್ಲಿ ಅದೇ ಹೆಸರು. ಅವನ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಮೂರು ಬೇಲಿಯಾಚೆಯ ನಾಯಿ ಬೊಗಳಿತು.

* * *

"ರೇಡಿಯೋ ಎರಡು ವರ್ಷದಿಂದ ಅಲ್ಲೇ ಇತ್ತು," ಎಂದರು ಮೇಷ್ಟ್ರು. ಯುದ್ಧಕ್ಕೆ ಮುಂಚೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು, ಯುದ್ಧ ಬಂದ ಮೇಲೆ ವಿಮಾನದಲ್ಲಿ ಪೈಲಟ್‌ಗೆ ದಾರಿ ಹೇಳುತ್ತಿದ್ದರು. "ಕಾವಲಿನವರು ಯಾರೂ ಮುಟ್ಟಿರಲಿಲ್ಲ. ಈ ತಿಂಗಳು ಹೊಸದಾಗಿ ಬಂದವರು ಇಬ್ಬರೇ. ಬುರುಡೆ ಮತ್ತು ದರ್ಜಿ."

"ದರ್ಜಿ ಸುದ್ದಿಗೆ ಹೋಗ್ಬೇಡಿ ಮೇಷ್ಟ್ರೇ," ಎಂದ ಕುಳ್ಳ. "ಪಾಪದೋನು. ಎಲ್ಲರ ಅಂಗಿಗೂ ಗುಂಡಿ ಹಾಕಿಕೊಟ್ಟ. ಈ ಬುರುಡೆ ಬಾಯಲ್ಲಿ ಇವತ್ತಿನವರೆಗೆ ಒಂದಾದ್ರೂ ನಿಜ ಬಂದಿದೆಯಾ?"

"ಬಂದಿದೆಯಲ್ಲೋ. ಹಸಿವು ಅಂದಿದ್ದೆನಲ್ಲ," ಎಂದ ಬುರುಡೆ.

ಯಾರೂ ನಗಲಿಲ್ಲ. ಕುಳ್ಳ ತನ್ನ ಬೂಟಿನ ದಾರ ಬಿಚ್ಚಿ ಹೆಣೆಯತೊಡಗಿದ. ಅದರ ಉದ್ದ ಸರಿಯಾಗಿ ಒಂದು ಕುತ್ತಿಗೆಗೆ ಆಗುವಷ್ಟು. ಬುರುಡೆಯ ನಾಲಿಗೆ ಒಣಗಿ ಹಲಗೆಯಾಯಿತು.

"ನೀವಿಬ್ಬರೂ ಬಾಲದ ಗನ್ನರ್‌ಗಳು," ಎಂದರು ಮೇಷ್ಟ್ರು. "ವಿಮಾನದ ಬಾಲದಲ್ಲಿ ಕೂತು ಗುಂಡು ಹಾರಿಸೋರು. ಇಬ್ಬರೂ ಒಂದೇ ಸೇತುವೆಗೆ ಬಾಂಬ್ ಹಾಕೋಕೆ ಹೋದವರು. ಕಣ್ಣಾರೆ ಕಂಡಿದ್ದಷ್ಟೇ ಹೇಳಿ. ಬೇರೆಯವರು ಹೇಳಿ ಕೇಳಿದ್ದು ಬೇಡ."

ಈ ಸಲ ನಿಜವನ್ನೇ ಹೇಳೋಣವೆಂದು ಬುರುಡೆ ಬಾಯಿ ತೆರೆದ. ಅಭ್ಯಾಸ ಬಿಡಬೇಕಲ್ಲ.

"ಮೊದಲು ಏನೂ ಕಾಣಲಿಲ್ಲ ಮೇಷ್ಟ್ರೇ. ಆಮೇಲೆ ಢಂ! ಬೆಂಕಿ ಮೇಲೆದ್ದು ಚಂದ್ರನ ಗಡ್ಡ ಸುಟ್ಟಿತು! ಸೇತುವೆ ಬೆಟ್ಟದಷ್ಟು ಕಂಡಿತು. ಆಮೇಲೆ ಏಣಿಯಷ್ಟು, ಬಾಚಣಿಗೆಯಷ್ಟು, ಕೊನೆಗೆ ಸುಟ್ಟ ಬೆಂಕಿಕಡ್ಡಿಯಷ್ಟು..."

"ಚಂದ್ರನಿಗೆ ಗಡ್ಡವಂತೆ!" ಕುಳ್ಳ ಗಂಟು ಬಿಗಿದ.

ದರ್ಜಿ ತಲೆ ತಗ್ಗಿಸಿ ಹೇಳಿದ. "ಸೇತುವೆ ದೂರದಲ್ಲಿ ಗೆರೆ ಥರ ಕಂಡಿತು. ಹತ್ತಿರ ಬರ್ತಾ ಬರ್ತಾ ದೊಡ್ಡದಾಯ್ತು. ನಮ್ಮ ಕೆಳಗೆ ಬಂದಾಗ ಬಾಂಬ್ ಬಿತ್ತು. ಅಷ್ಟೇ. ನಂಗೆ ಬಣ್ಣ ಕಟ್ಟಿ ಹೇಳೋಕೆ ಬರಲ್ಲ."

"ಮಾತು ಅಂದ್ರೆ ಇದು," ಎಂದ ಕುಳ್ಳ.

ಮೇಷ್ಟ್ರು ಎದ್ದರು. ಕುಳ್ಳನ ಕೈಯಿಂದ ಹಗ್ಗ ತೆಗೆದುಕೊಂಡರು. ಹೆಜ್ಜೆಗಳು ಹತ್ತಿರ ಬಂದವು. ಬುರುಡೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ.

ಹೆಜ್ಜೆಗಳು ಅವನನ್ನು ದಾಟಿ ಹೋದವು.

* * *

"ದರ್ಜಿ, ಬಾಲದ ಗನ್ನರ್ ಯಾವ ಕಡೆ ಮುಖ ಮಾಡಿ ಕೂರ್ತಾನೆ?"

ದರ್ಜಿಯ ಕಣ್ಣು ಬಾಗಿಲ ಕಡೆ ಹೊರಳಿತು.

"ಹಿಂದಕ್ಕೆ," ಎಂದರು ಮೇಷ್ಟ್ರು. "ಮುಂದೆ ಬರೋದು ಅವನಿಗೆ ಕಾಣೋದೇ ಇಲ್ಲ. ಎಲ್ಲ ದಾಟಿ ಹೋದ ಮೇಲೇ ಕಾಣೋದು. ಮೊದಲು ದೊಡ್ಡದು, ಆಮೇಲೆ ಚಿಕ್ಕದು. ಬುರುಡೆ ಹೇಳಿದ್ದು ಸುಳ್ಳೇ ಇರಬಹುದು, ಆದ್ರೆ ಅದು ಹಿಂದೆ ನೋಡ್ತಾ ಕೂತವನ ಸುಳ್ಳು. ನಿನ್ನ ಸೇತುವೆ ಎದುರಿಂದ ಬಂತು. ನೀನು ಆ ಸೀಟಲ್ಲಿ ಒಂದು ದಿನಾನೂ ಕೂತವನಲ್ಲ. ನಿನಗೆ ಯಾರೋ ಕಥೆ ಬರೆದುಕೊಟ್ಟಿದ್ದಾರೆ."

ದರ್ಜಿ ಬಾಗಿಲಿಗೆ ಹಾರಿದ. ಎರಡೂ ಕೈಯಲ್ಲಿ ಬಡಿದು ಕೂಗಿದ. ಕಾವಲಿನವರ ಭಾಷೆಯಲ್ಲಿ ಕೂಗಿದ. ಅದು ತಾಯಿಭಾಷೆಯಷ್ಟು ಸಲೀಸಾಗಿ ಬಂತು.

ಬಾಗಿಲು ತೆರೆಯಿತು. ಯಾರೂ ಅವನನ್ನು ತಡೆಯಲಿಲ್ಲ. ಗುರುತು ಸಿಕ್ಕ ಗೂಢಚಾರ ಹೊರಗೆ ಹೋಗುವುದೇ ಮೇಲು.

* * *

ಕುಳ್ಳ ಮೇಷ್ಟ್ರು ಮರಳಿ ಕೊಟ್ಟ ದಾರ ಬಿಚ್ಚಿ ಬೂಟಿಗೆ ಪೋಣಿಸುತ್ತಿದ್ದ. ಬುರುಡೆಗೆ ಉಸಿರು ಬಂತು, ಉಸಿರಿನ ಹಿಂದೆಯೇ ನಾಲಿಗೆಯೂ.

"ನಂಗೆ ಅವನನ್ನ ನೋಡಿದ ದಿನಾನೇ ಗೊತ್ತಾಗಿತ್ತು! ಏಳು ವಿಮಾನ ಉರುಳಿಸಿದ ಕಣ್ಣು ಇದು..."

"ಬುರುಡೆ," ಮೇಷ್ಟ್ರು ಪಕ್ಕದಲ್ಲಿ ಕೂತರು. ದನಿ ತಗ್ಗಿಸಿದರು. "ಸೇತುವೆಯನ್ನ ಬೆಂಕಿಕಡ್ಡಿವರೆಗೂ ಹೇಳ್ದೆ. ಆ ಏಳು ವಿಮಾನದಲ್ಲಿ ಒಂದಾದ್ರೂ ಹೆಂಗಿತ್ತು ಅಂತ ಇವತ್ತಿಗೂ ಹೇಳಿಲ್ಲ. ಹಿಂದಿನಿಂದ ಬಂದಿದ್ದು ನಿಂಗೇ ತಾನೇ ಮೊದಲು ಕಾಣಬೇಕಾದ್ದು?"

ಬುರುಡೆ ನಗಲು ನೋಡಿದ. ಆಗಲಿಲ್ಲ.

"ಏಳಲ್ಲ ಮೇಷ್ಟ್ರೇ. ಒಂದೇ ಬಂದಿದ್ದು."

"ಅದನ್ನಾದ್ರೂ ಹೊಡೆದೆಯಾ?"

"ಗುಂಡೇ ಹಾರಿಸಲಿಲ್ಲ. ಚುಕ್ಕಿಯಷ್ಟಿತ್ತು, ದೊಡ್ಡದಾಗ್ತಾ ಬಂತು. ಮುಂದೆ ಆರು ಜನ ಬೆನ್ನು ನಂಗೊಪ್ಪಿಸಿ ಕೂತಿದ್ರು. ಬದುಕಿದ್ದು ನಾನೊಬ್ಬನೇ." ಅವನು ಬರಿದಾದ ಮೂರನೇ ಇಟ್ಟಿಗೆಯ ಜಾಗವನ್ನೇ ನೋಡುತ್ತಿದ್ದ. "ಹತ್ತಿರ ಬಂದಾಗ ಅದು ಹೆಂಗಿತ್ತೋ ನಂಗೊತ್ತಿಲ್ಲ ಮೇಷ್ಟ್ರೇ. ನಾನು ಕಣ್ಣು ಮುಚ್ಚಿಕೊಂಡಿದ್ದೆ."