ಎಂಜಲಿನ ನೂಲು

ಒಂದೇ ಪೊಟ್ಟಣದ ಮೇಲೆ ಎರಡು ಕೈಗಳು ಒಟ್ಟಿಗೆ ಬಿದ್ದವು!

“ಬಿಡಿ, ಮೊದಲು ನೋಡಿದ್ದು ನಾನು,” ಎಂದಳು ಮೋಕ್ಷಾ.

“ನೋಡಿದ್ದು ನೀವು. ಹಿಡಿದದ್ದು ನಾನಲ್ವಾ?” ಎಂದು ಅವನು ಹಲ್ಲು ಕಿರಿದ.

ಉಡುಪಿಯ ಭೋಜಣ್ಣನ ಅಂಗಡಿಗೆ ನಿಜವಾದ ಉಣ್ಣೆ ನೂಲು ಬರುವುದೇ ಅಪರೂಪ. ಈ ಸೆಕೆಯ ಊರಿನಲ್ಲಿ ಸ್ವೆಟರ್ ಯಾರಿಗೆ ಬೇಕು ಹೇಳಿ! ಮಗುವಿನ ಟೊಪ್ಪಿಗೆಂದು ಜನ ಅಗ್ಗದ ನೂಲು ಒಯ್ಯುತ್ತಾರೆ, ಅಷ್ಟೇ. ಕಾರ್ಕಳದಿಂದ ಬಸ್ಸು ಹಿಡಿದು ಬಂದ ಮೋಕ್ಷಾಗೆ ಅಂದು ಕಂಡದ್ದು ಮಟ್ಟುಗುಳ್ಳ ಬದನೆಯ ಬಣ್ಣದ್ದು. ತಿಳಿ ಹಸಿರು, ನಡುನಡುವೆ ಬಿಳಿ. ಹೆಣಿಗೆಯ ಹುಚ್ಚು ಇರುವವರ ಕೈ ಇಂಥದ್ದನ್ನು ಕಂಡರೆ ಸುಮ್ಮನಿರುವುದಿಲ್ಲ. ಆದರೆ ಈ ಗಂಡಸಿಗೆ ಯಾಕೆ?

“ನಿಮಗೆ ಎಂತಕ್ಕೆ ಉಲ್ಲನ್?”

“ಸ್ವೆಟರ್ ಹರಿದಿದೆ. ಹೊಲಿಯಲಿಕ್ಕೆ.”

“ಉಡುಪಿಯಲ್ಲಿ ಸ್ವೆಟರಾ?!”

“ಹೆಜಮಾಡಿಯಲ್ಲಿ ಮೀನಿನ ಕೋಲ್ಡ್ ಸ್ಟೋರೇಜ್ ಉಂಟು ಮಾರಾಯ್ರೆ. ನಾನು ಅದರ ಒಳಗೆ. ನೀವೆಲ್ಲ ಹೊರಗೆ ಬೆವರುವಾಗ ನಾನು ನಡುಗ್ತಾ ಇರ್ತೇನೆ.”

ಅವಳಿಗೆ ನಗು ತಡೆಯಲಾಗಲಿಲ್ಲ. ಅವನ ಹೆಸರು ಸುಕೇಶ್. ಮನೆ ಕಾಪುವಿನಲ್ಲಿ. ಬಸ್ ನಿಲ್ದಾಣ ಬರುವಷ್ಟರಲ್ಲಿ ಅವನು ತನ್ನ ಮನೆ, ಬಂಗುಡೆ ಸಾರು, ಮನೆಯ ಬೆಕ್ಕು ಎಲ್ಲದರ ಕಥೆಯನ್ನೂ ಹೇಳಿ ಮುಗಿಸಿದ್ದ! ಮಾತಿನ ಮಲ್ಲ. ಆ ಮಾತಿಗೆ ಸೋತೇ ಅವಳು ಹೊಸ ಸ್ವೆಟರ್ ಹೆಣೆದು ಕೊಡಲು ಒಪ್ಪಿದ್ದು. ಹಾಗೆಂದು ಅವಳು ಒಪ್ಪಿಕೊಳ್ಳುವುದಿಲ್ಲ, ಬಿಡಿ.

ಒಂದು ಭಾನುವಾರ ಕಾಪು ಬೀಚಿನಲ್ಲಿ ಕುಳಿತು ಹೆಣೆಯುತ್ತಿದ್ದಾಗ ಉಂಡೆ ಮುಗಿಯಿತು. ಮೋಕ್ಷಾ ಹಳೆಯ ಎಳೆಯ ತುದಿಯನ್ನೂ ಹೊಸ ಎಳೆಯ ತುದಿಯನ್ನೂ ಬಿಡಿಸಿ, ಬಾಯಿಗಿಟ್ಟು ಒದ್ದೆ ಮಾಡಿ, ಅಂಗೈಗಳ ನಡುವೆ ಉಜ್ಜಿದಳು. ಬಿಸಿಗೆ ಎರಡೂ ಒಂದಾದವು.

“ಛೀ! ಎಂಜಲು!” ಎಂದು ಸುಕೇಶ್ ಕೂಗಿದ. “ನಿಮ್ಮ ಎಂಜಲಿನ ಸ್ವೆಟರ್ ನಾನು ಹಾಕ್ಬೇಕಾ?”

“ಗಂಟು ಹಾಕಿದರೆ ಮೈಗೆ ಒತ್ತುತ್ತದೆ. ಹೀಗೆ ಮಾಡಿದರೆ ಎಲ್ಲಿ ಸೇರಿತು ಅಂತ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ನಿಜವಾದ ಉಣ್ಣೆ ಮಾತ್ರ ಹೀಗೆ ಸೇರುವುದು.”

ಅವನು ಅವಳನ್ನೇ ನೋಡುತ್ತಾ ಇದ್ದ. “ಹಾಗಾದ್ರೆ ಎಷ್ಟು ಎಂಜಲು ಬೇಕಾದ್ರೂ ಮಾಡಿ,” ಎಂದ ಮೆಲ್ಲಗೆ.

ಅವತ್ತಿನಿಂದ ‘ನೀವು’ ಹೋಗಿ ‘ನೀನು’ ಬಂತು. ಮುಗಿದ ಸ್ವೆಟರ್ ಅವನ ಮೈಮೇಲೆ ಬಂತು...

* * *

ಪ್ರೀತಿಗೆ ದೃಷ್ಟಿ ತಾಗಿದ್ದು ಮೀನಿನ ವಾಸನೆಯಿಂದ!

ಮೋಕ್ಷಾಳ ಅಮ್ಮ ಮುಖ ಸಿಂಡರಿಸಿದ್ದರು. ಆ ಸಿಟ್ಟನ್ನು ಮೋಕ್ಷಾ ಅವನ ಮೇಲೆ ತೀರಿಸಿಕೊಂಡಳು. “ನನಗೂ ಸಾಕಾಗಿದೆ ಸುಕೇಶ್. ನಿನ್ನ ಹತ್ತಿರ ನಿಂತರೆ ಮೀನಿನ ವಾಸನೆ. ಬೇರೆ ಕೆಲಸ ಹುಡುಕು!”

ಅವನು ಎದ್ದುಹೋದ.

ಮಳೆಗಾಲ ಮುಗಿಯುತ್ತಾ ಬಂದಿತ್ತು. ಎರಡು ದಿನ ಬಿಗುಮಾನ. ಮೂರನೆಯ ದಿನ ಅವಳೇ ಫೋನ್ ಮಾಡಿದಳು. ಅವನು ಎತ್ತಿದ. ಮಾತಿಲ್ಲ. ಉಸಿರು ಮಾತ್ರ ಕೇಳಿಸುತ್ತಿತ್ತು.

“ಸುಕೇಶ್... ತಪ್ಪಾಯ್ತು. ಏನಾದರೂ ಹೇಳು.”

ಕರೆ ಕಡಿಯಿತು. ಮತ್ತೆ ಮಾಡಿದಳು. ಮತ್ತೆ ಅದೇ ಉಸಿರು, ಅದೇ ಮೌನ. ಅವಳು ಅಳುತ್ತಿದ್ದಾಳೆಂದು ಗೊತ್ತಿದ್ದೂ ಅವನು ಸುಮ್ಮನಿದ್ದಾನೆ!

“ಮಾತಾಡಲು ಇಷ್ಟ ಇಲ್ಲದಿದ್ದರೆ ಬೇಡ! ಇನ್ನು ನೀನು ಯಾರೋ, ನಾನು ಯಾರೋ!”

ಅವಳು ನಂಬರ್ ಬ್ಲಾಕ್ ಮಾಡಿದಳು. ಬೆರಳಿನ ಒಂದು ಒತ್ತು, ಅಷ್ಟೇ. ಆಮೇಲೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಹೆಣಿಗೆಯ ಕಡ್ಡಿ ಹಿಡಿದವಳು ಹಾಗೇ ಕೆಳಗಿಟ್ಟಳು. ತಾನು ಕೆಲಸ ಮಾಡುವ ಕ್ಲಿನಿಕ್ಕಿನ ಕೌಂಟರಿನಲ್ಲಿ ಕುಳಿತು ರೋಗಿಗಳ ಹೆಸರು ಕೂಗುವಾಗ ಎರಡು ಸಲ ‘ಸುಕೇಶ್’ ಎಂದು ಕೂಗಿಬಿಟ್ಟಳು. ಬದುಕಿರುವುದೇ ಭಾರವಾಗಿತ್ತು. ಬ್ಲಾಕ್ ತೆಗೆಯಲು ಸ್ವಾಭಿಮಾನ ಬಿಡಲಿಲ್ಲ. ಹಾಳು ಸ್ವಾಭಿಮಾನ!

* * *

ಡಿಸೆಂಬರ್ ತಿಂಗಳು, ಮಣಿಪಾಲದಲ್ಲಿ ಕರಕುಶಲ ಮೇಳ. ಮಣ್ಣಿನ ಬಳೆ, ಬೆತ್ತದ ಬುಟ್ಟಿ, ಕಸೂತಿ ಸೀರೆ, ಎಲ್ಲೆಲ್ಲೂ ನಗುವ ಜನ. ಮೋಕ್ಷಾ ಮಾತ್ರ ಕೊಳ್ಳಲು ಬಂದಿರಲಿಲ್ಲ. ಉಳಿದ ನೂಲು, ಕಡ್ಡಿಗಳು ಎಲ್ಲವನ್ನೂ ಯಾರಿಗಾದರೂ ಕೊಟ್ಟುಬಿಡಲು ಚೀಲ ತುಂಬಿಕೊಂಡು ಬಂದಿದ್ದಳು. ಇನ್ನು ಜೀವನದಲ್ಲಿ ಹೆಣಿಗೆ ಬೇಡ. ಚೀಲದ ತಳದಲ್ಲಿ ಆ ಹಸಿರು ನೂಲಿನ ಕೊನೆಯ ಉಂಡೆಯೂ ಇತ್ತು.

ಹಳೆಯ ಉಲ್ಲನ್ ತೆಗೆದುಕೊಳ್ಳುವ ಸ್ಟಾಲಿನಲ್ಲಿ ಪ್ಯಾಟ್ರಿಶಿಯಾ ಬಾಯಿ ಕುಳಿತಿದ್ದರು. ಹೆಣಿಗೆ ಕಲಿಸುವ ಇವರನ್ನು ಎಲ್ಲರೂ ಕೊಂಕಣಿಯ ಗೌರವದ ‘ಬಾಯಿ’ ಸೇರಿಸಿಯೇ ಕರೆಯುವುದು. ಕನ್ನಡಕ ಮೂಗಿನ ತುದಿಯಲ್ಲಿ.

“ಎಲ್ಲವನ್ನೂ ಕೊಡುವುದಾ ಮಗಾ? ಒಳ್ಳೆಯ ನೂಲು ಉಂಟಲ್ಲ!”

“ನನಗೆ ಬೇಡ ಬಾಯಿ...”

ಚೀಲ ಇಡಲು ಬಗ್ಗಿದವಳು ಹಾಗೇ ನಿಂತಳು. ಮೇಜಿನ ಮೇಲಿನ ಬುಟ್ಟಿಯಲ್ಲಿ ಹಸಿರು ನೂಲಿನ ತುಂಡುಗಳು! ತಿಳಿ ಹಸಿರು, ನಡುನಡುವೆ ಬಿಳಿ. ಬಿಚ್ಚಿದ ಹೆಣಿಗೆಯ ಸುರುಳಿ ಇನ್ನೂ ಎಳೆಯಲ್ಲಿತ್ತು. ಕೈ ಹಾಕಿದಳು. ಒಂದು ಎಳೆಯಲ್ಲಿ ಚೂರು ದಪ್ಪಗಿನ ಜಾಗ ಬೆರಳಿಗೆ ಸಿಕ್ಕಿತು. ಅವಳದೇ ಜೋಡಣೆ. ಕಾಪು ಬೀಚಿನದು.

ಅಷ್ಟು ದ್ವೇಷವಾ ಸುಕೇಶ್? ಕತ್ತರಿ ಹಾಕುವಷ್ಟು?

ಅವಳು ಆ ಎಳೆಯನ್ನು ಬುಟ್ಟಿಯಿಂದ ಎಳೆದು ಹಿಡಿದಳು. “ಬಾಯಿ... ಇದನ್ನು ಯಾರು ಕೊಟ್ಟದ್ದು?”

“ಕೊಟ್ಟದ್ದಲ್ಲ ಮಗಾ. ಸೇರಿಸಿ ಕೊಡಿ ಅಂತ ಒಬ್ಬ ಹುಡುಗ ತಂದದ್ದು. ಪಾಪ, ಸ್ವರ ಇಲ್ಲ. ಮೊಬೈಲಿನಲ್ಲಿ ಬರೆದು ತೋರಿಸಿದ. ಮೀನು ಐಸಿನಲ್ಲಿ ಇಡುವಲ್ಲಿ ಗ್ಯಾಸ್ ಸೋರಿತಂತೆ, ಅಮೋನಿಯಾ. ಒಳಗೆ ಉಳಿದವನೊಬ್ಬನನ್ನು ಎಳೆದು ತರಲು ಹೋಗಿ ಗಂಟಲು ಸುಟ್ಟುಕೊಂಡಿದ್ದಾನೆ. ಮೈಮೇಲಿನ ಸ್ವೆಟರನ್ನು ಆಸ್ಪತ್ರೆಯವರು ಕತ್ತರಿಸಿಯೇ ತೆಗೆದದ್ದಂತೆ.”

“ಯಾ... ಯಾವಾಗ?”

“ಮಳೆಗಾಲ ಮುಗಿಯುವಾಗ.”

ಆ ಉಸಿರು! ಅವಳು ಅತ್ತಾಗ, ಬೈದಾಗ, ಆ ಕಡೆಯಿಂದ ಕೇಳಿದ ಆ ಉಸಿರು... ಅವನು ಮೌನವಾಗಿರಲಿಲ್ಲ. ಮಾತಾಡಲು ಒದ್ದಾಡುತ್ತಿದ್ದ!

ದೇವರೇ, ನಾನೇನು ಮಾಡಿಬಿಟ್ಟೆ!

“ಎಲ್ಲಿ ಬಾಯಿ? ಅವನೆಲ್ಲಿ?”

“ಇಷ್ಟು ತುಂಡು ಸೇರಿಸಲಿಕ್ಕೆ ಆಗುವುದಿಲ್ಲ, ಬಿಸಾಡು ಅಂದೆ. ಕೇಳುವುದಿಲ್ಲ ಮಾರಾಯ್ತಿ! ಅರ್ಧ ತೆಗೆದುಕೊಂಡು ಹಿಂದೆ ಆ ಮರದ ಕೆಳಗೆ ಕುಳಿತಿದ್ದಾನೆ ನೋಡು.”

ಮೋಕ್ಷಾ ಚೀಲ ಎತ್ತಿಕೊಂಡು ಓಡಿದಳು. ಚಪ್ಪಲಿ ಒಂದು ಕಡೆ, ದುಪಟ್ಟಾ ಒಂದು ಕಡೆ.

ಅವನು ಕುಳಿತಿದ್ದ. ಬಡಕಲಾಗಿದ್ದ, ಕುತ್ತಿಗೆಗೆ ಕರ್ಚೀಫು. ಎರಡು ತುದಿಗಳನ್ನು ನಾಲಗೆಗೆ ಮುಟ್ಟಿಸಿ, ಅಂಗೈಯಲ್ಲಿ ಉಜ್ಜುತ್ತಿದ್ದ. ತಪ್ಪು ತಪ್ಪಾಗಿ. ಎಳೆದಾಗ ಬಿಟ್ಟುಕೊಂಡಿತು. ಮತ್ತೆ ಉಜ್ಜಿದ.

“ಸುಕೇಶ್!”

ತಲೆ ಎತ್ತಿದ. ಮುಖ ಅರಳಿತು, ಮರುಕ್ಷಣವೇ ಮುದುಡಿತು. ನೂಲನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಎದ್ದು ಹೊರಡಲು ನೋಡಿದ. ಅವಳು ಅವನ ಶರ್ಟಿನ ತೋಳು ಹಿಡಿದಳು.

“ಹೋಗಬೇಡ! ನನಗೆ ಗೊತ್ತಿರಲಿಲ್ಲ... ನಿಜವಾಗಿ ಗೊತ್ತಿರಲಿಲ್ಲ. ಹೊಡಿ, ಬೈ... ಇಲ್ಲ, ಬೈಯಲಿಕ್ಕೂ ನಿನಗೆ ಈಗ...”

ಅವಳು ಅಲ್ಲೇ ಕುಸಿದು ಕುಳಿತು ಬಿಕ್ಕಿದಳು. ಮೇಳದ ಜನ ತಿರುಗಿ ನೋಡಿದರು. ನೋಡಲಿ!

ಸುಕೇಶ್ ಅವಳ ಎದುರು ಕುಳಿತ. ಮೊಬೈಲಿನಲ್ಲಿ ಒತ್ತಿ ತೋರಿಸಿದ: ‘ಮೆಸೇಜ್ ಹೋಗಲಿಲ್ಲ. ವಾಸನೆಯವನೇ ಬೇಡ ಎಂದವಳಿಗೆ ಸ್ವರ ಇಲ್ಲದವ ಯಾಕೆ ಅಂತ ಸುಮ್ಮನಾದೆ. ಸ್ವೆಟರ್ ಮಾತ್ರ ಬಿಡಲಿಕ್ಕೆ ಆಗಲಿಲ್ಲ.’

“ವಾಸನೆಯಾ?” ಅವಳು ಅವನ ಭುಜಕ್ಕೆ ಮುಖ ಒತ್ತಿದಳು. ಔಷಧಿಯ ವಾಸನೆ ಬಂತು. “ಆ ಮೀನಿನ ವಾಸನೆಯೇ ಬೇಕು ನನಗೆ. ನೀನೇ ಬೇಕು. ಸ್ವರ ಬರಲಿ, ಬಾರದಿರಲಿ!”

ಅವನ ಕಣ್ಣು ತುಂಬಿ ಬಂತು. ಮತ್ತೆ ಒತ್ತಿದ: ‘ತುಂಬಾ ತುಂಡಾಗಿದೆ ಮೋಕ್ಷಾ. ನೂಲು ಸಾಲುವುದಿಲ್ಲ.’

ಸಾಲುವುದಿಲ್ಲವಾ? ಅವಳು ಕಣ್ಣೊರೆಸಿಕೊಂಡು ಚೀಲದ ತಳಕ್ಕೆ ಕೈ ಹಾಕಿದಳು. ಯಾರಿಗೋ ಕೊಟ್ಟುಬಿಡಲು ತಂದಿದ್ದ ಕೊನೆಯ ಉಂಡೆ. ಭೋಜಣ್ಣನ ಅಂಗಡಿಗೆ ಆ ಬಣ್ಣ ಮತ್ತೆ ಬಂದೇ ಇಲ್ಲ.

ಉಂಡೆಯ ತುದಿ ಬಿಡಿಸಿ ಬಾಯಿಗಿಟ್ಟಳು. ಅವನ ಕೈಯ ತುಂಡಿನ ತುದಿಯನ್ನೂ ಬಾಯಿಗಿಟ್ಟಳು. ಎರಡನ್ನೂ ಅವನ ಅಂಗೈ ಮೇಲೆ ಒಂದರ ಮೇಲೊಂದು ಇಟ್ಟು, ತನ್ನ ಅಂಗೈ ಒತ್ತಿ ಉಜ್ಜತೊಡಗಿದಳು. ಕೈ ಬಿಸಿಯಾಯಿತು. ಎಳೆದು ನೋಡಿದಳು. ಬಿಡಲಿಲ್ಲ.

ಅವನ ತುಟಿ ಅಲುಗಿತು. ಒಡೆದ, ಗಾಳಿಯಂಥ ಸ್ವರವೊಂದು ಹೊರಬಂತು.

“ಎಂ... ಜಲು...”

ಮೋಕ್ಷಾ ಬೆಚ್ಚಿದಳು. ಆಮೇಲೆ ಅಳುತ್ತಲೇ ನಕ್ಕಳು. “ಹೌದು, ನನ್ನದೇ ಎಂಜಲು. ಬೇಡವಾ?”

“ಬೇಕು.”

ಆ ಒಂದು ಮಾತಿಗೆ ಅವನಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಅವಳು ಅವನ ಬೆನ್ನು ಸವರಿದಳು.

“ಸಾಕು ಮಾರಾಯ, ಇಷ್ಟು ದಿನ ಎಲ್ಲ ಮಾತೂ ನೀನೇ ಆಡಿದ್ದಿ. ಇನ್ನು ಸ್ವಲ್ಪ ನಾನು ಆಡುತ್ತೇನೆ. ನೀನು ಆ ತುದಿ ಹಿಡಿ.”

ಅವನು ಹಿಡಿದ.