ಫಿಡೆಲ್ಮಾಳ ಸ್ವಂತ ದನಿ

ಫಿಡೆಲ್ಮಾ ಟ್ಯಾನ್ಸಿ ನನಗೆ ಮೊದಲು ಪರಿಚಯವಾದದ್ದು ಕಿವಿಯಿಂದ. ಮುಖ ನೋಡಿದ್ದು ಆಮೇಲೆ.

೧೯೫೭ರ ಜೂನ್. ಐರ್ಲೆಂಡಿನ ಕಿಲ್ಲಿಬೆಗ್ಸ್‌ನ ಮೀನಿನ ದಕ್ಕೆಯಲ್ಲಿ ಲಂಡನ್ ಕಂಪನಿಯೊಂದರ ಶೂಟಿಂಗ್. ಹತ್ತು ಮೈಲಿ ಆಚೆಯ ಆರ್ಡರಾ ಊರಿನ ನೇಕಾರನ ಮಗ ನಾನು, ಫಿಂಟನ್ ಗಿಲ್ಡೇ, ಆ ಸಿನಿಮಾದ ಸೌಂಡ್ ರೆಕಾರ್ಡಿಸ್ಟ್. ಹೆಡ್‌ಫೋನ್ ಹಾಕಿಕೊಂಡು ಮೀನಿನ ಬುಟ್ಟಿಗಳ ಹಿಂದೆ ತಲೆ ತಗ್ಗಿಸಿ ಕೂತಿದ್ದೆ. ಗಾಳಿ, ಕಡಲಹಕ್ಕಿಗಳ ಕಿರುಚಾಟ, ದೋಣಿಗಳ ನರಳಾಟ. ಅವುಗಳ ನಡುವೆ ಒಂದು ಉಸಿರು. ಮಾತಾಡುವ ಮುಂಚೆ ಹೆಣ್ಣೊಬ್ಬಳು ಒಳಗೆಳೆದುಕೊಂಡ, ತುಸು ನಡುಗುವ ಉಸಿರು. ನನ್ನ ಮೈ ಜುಂ ಎಂದಿತು.

ಆಮೇಲೆ ಅವಳು ಮಾತಾಡಿದಳು. ಪಾತ್ರ ಮೀನು ಸೀಳುವ ಹುಡುಗಿಯದು. ಬಾಯಲ್ಲಿದ್ದದ್ದು ಲಂಡನ್ ಬಂಗಲೆಯ ಇಂಗ್ಲಿಷು.

"ಕಟ್!" ಎಂದುಬಿಟ್ಟೆ. ಕಟ್ ಅನ್ನುವ ಅಧಿಕಾರ ನನಗಿರಲಿಲ್ಲ.

ಇಡೀ ದಕ್ಕೆ ನನ್ನತ್ತ ತಿರುಗಿತು. ಅವಳೂ ತಿರುಗಿದಳು. ಕೈಯಲ್ಲಿ ಮೀನಿನ ಚೂರಿ, ಕಣ್ಣಲ್ಲಿ ಅದಕ್ಕಿಂತ ಹರಿತವಾದದ್ದೇನೋ.

"ಏನಾಯ್ತ್ರೀ?"

"ಗಂಟಲು ಬಿಗಿಯಾಗಿದೆ, ಮಿಸ್ ಟ್ಯಾನ್ಸಿ. ದನಿ ಪೂರ್ತಿ ಬರ್ತಿಲ್ಲ."

"ಈ ಗಂಟಲು ತಿದ್ದೋಕೆ ಲಂಡನ್‌ನೋರಿಗೆ ಏಳು ವರ್ಷ ಬೇಕಾಯ್ತು. ನೀವು ಏಳೇ ಸೆಕೆಂಡಲ್ಲಿ ತಪ್ಪು ಹುಡುಕಿಬಿಟ್ರಾ?"

"ತಿದ್ದೋಕೆ ಮುಂಚೆ ಹೇಗಿತ್ತು ಅಂತ ಕೇಳ್ಬೇಕು ಅನ್ನಿಸ್ತು. ಅಷ್ಟೇ."

ಅವಳ ತುಟಿಯ ಒಂದು ತುದಿ ಮೇಲಕ್ಕೆದ್ದಿತು. ತಕ್ಷಣ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

ಮುಂಚೆ ಹೇಗಿತ್ತೆಂದು ಊರಿಗೆಲ್ಲ ಗೊತ್ತಿತ್ತು. ಹದಿನಾಲ್ಕಕ್ಕೇ ಇದೇ ದಕ್ಕೆಯಲ್ಲಿ ಹೆರಿಂಗ್ ಮೀನು ಸೀಳಿದವಳು ಅವಳು. ಹದಿನೆಂಟಕ್ಕೆ ಡಬ್ಲಿನ್‌ನ ನಾಟಕ ತಂಡ ಸೇರಿದಳು, ಇಪ್ಪತ್ತಕ್ಕೆ ಲಂಡನ್. ಅಲ್ಲಿ ಹಲ್ಲುಗಳ ನಡುವೆ ಬಿರಡೆ ಕಚ್ಚಿಸಿ ಅವಳ ಮಾತು ತಿದ್ದಿದರು. ಆರು ಸಿನಿಮಾಗಳಲ್ಲಿ ಟೀ ತಂದಿಡುವ ಕೆಲಸದವಳಾಗಿ, ಬಾಗಿಲ ಬಳಿ ನಿಲ್ಲುವ ನರ್ಸಾಗಿ ನಿಲ್ಲಿಸಿದರು. ಇಪ್ಪತ್ತೇಳಕ್ಕೆ ಸಿಕ್ಕ ಮೊದಲ ನಾಯಕಿ ಪಾತ್ರ ಅವಳನ್ನು ತಿರುಗಿ ಇಲ್ಲಿಗೇ ಕರೆತಂದಿತ್ತು.

ಮರುದಿನ, ಎರಡು ಶಾಟ್‌ಗಳ ನಡುವೆ, ಅವಳು ಮೈಕಿನ ಹತ್ತಿರ ಬಗ್ಗಿ ಪಿಸುಗುಟ್ಟಿದಳು. "ಆರ್ಡರಾದ ನೇಕಾರರೇ, ಊಟ ಆಯ್ತಾ?"

ದಕ್ಕೆಯ ತುಂಬ ಜನ. ಕೇಳಿಸಿದ್ದು ನನಗೊಬ್ಬನಿಗೆ.

"ಉತ್ತರ ಕೊಡೋಕಾಗಲ್ಲ, ಅಲ್ವಾ? ಪಾಪ. ಕಿವಿ ಮಾತ್ರ ಕೆಂಪಾಗುತ್ತೆ."

ಮೂವತ್ತು ಅಡಿ ದೂರದಲ್ಲಿ ನಿಂತು, ಬೇರೆಲ್ಲೋ ನೋಡುವವಳಂತೆ ನನ್ನನ್ನೇ ನೋಡುತ್ತಿದ್ದಳು. ಅಂದಿನಿಂದ ಅದೇ ಅವಳ ಆಟವಾಯಿತು. ಪ್ರತಿ ಶಾಟ್‌ಗೆ ಮುಂಚೆ ನನಗೊಂದು ಪಿಸುಮಾತು. ಒಮ್ಮೆ ಹಾಡಿನ ಅರ್ಧ ಸಾಲು, ಒಮ್ಮೆ ಬರೀ ನಗು. ನಾನು ಪೆನ್ಸಿಲ್ ಎತ್ತಿ ತೋರಿಸಿದರೆ ಹೌದು, ಕೆಳಗಿಟ್ಟರೆ ಇಲ್ಲ. ಪೆನ್ಸಿಲ್ ಕೈಜಾರಿ ಬಿದ್ದ ದಿನ ಅವಳು ನಕ್ಕ ನಗೆಗೆ ದನಿ ಅಳೆಯುವ ಮೀಟರಿನ ಮುಳ್ಳು ಕೊನೆ ಮುಟ್ಟಿತು.

ಹೀಗೆ ಆಡುತ್ತಾ ಆಡುತ್ತಾ ಅವಳ ಗಂಟಲು ಸಡಿಲವಾಯಿತು. ಬಿರಡೆ ಕಸಿದುಕೊಂಡಿದ್ದ ಊರ ಮಾತು ಒಂದೊಂದೇ ಸ್ವರವಾಗಿ ಬಾಯಿಗೆ ಮರಳಿತು. ಕ್ಯಾಮೆರಾದ ಮುಂದೆಯೂ.

ನಿರ್ಮಾಪಕ ಹೆರಾಲ್ಡ್ ಪ್ರೂಯೆಟ್‌ಗೆ ಅದು ಹಿಡಿಸಲಿಲ್ಲ. ಮೂರನೆಯ ವಾರ ಎಲ್ಲರೆದುರು ಘೋಷಿಸಿದ: "ಮಿಸ್ ಟ್ಯಾನ್ಸಿಯ ಮುಖ ಇರುತ್ತೆ. ದನಿ ಲಂಡನ್ನಿನ ಬೇರೆ ನಟಿ ಕೊಡ್ತಾಳೆ. ಇಲ್ಲಿ ರೆಕಾರ್ಡ್ ಆಗಿದ್ದು ಸ್ಪಷ್ಟವಾಗಿಲ್ಲ ಅಂತ ಸೌಂಡ್ ವಿಭಾಗದ ವರದಿ ಇದೆ."

ಸೌಂಡ್ ವಿಭಾಗ ಅಂದರೆ ನಾನೊಬ್ಬನೇ.

ಅವಳು ಬುಟ್ಟಿಗಳನ್ನು ಒದ್ದುಕೊಂಡು ಬಂದಳು. "ಮೊದಲ ದಿನಾನೇ ಗೊತ್ತಾಗ್ಬೇಕಿತ್ತು ನಂಗೆ! ಪಿಸುಮಾತೆಲ್ಲ ಕೇಳಿಸ್ಕೊಂಡು, ಬೆನ್ನ ಹಿಂದೆ ಚಾಡಿ ಬರೆದ್ಯಾ? ನಿನ್ನ ಬಾಯಿಗೆ ಮಣ್ಣು ಹಾಕ!"

ನಾನು ದಿನದ ವರದಿಗಳ ಪುಸ್ತಕ ಚಾಚಿದೆ. ಪ್ರತಿ ಪುಟದಲ್ಲೂ ಎರಡೇ ಪದ: ದನಿ ಸ್ಪಷ್ಟ. ಅವಳು ಸರಸರನೆ ತಿರುವಿ ಹಾಕಿದಳು. ಒಂದು ಪುಟದ ಮೇಲೆ ಬೆರಳು ನಿಂತಿತು.

"'ದನಿ ಸ್ಪಷ್ಟ. ತೀರಾ ಸ್ಪಷ್ಟ. ನಿದ್ದೆ ಬರಲಿಲ್ಲ.' ಇದೂ ವರದಿನಾ?"

"ಆ ಪುಟ ಕಳಿಸಿಲ್ಲ."

ಕೋಪ ಎಲ್ಲಿಡುವುದೆಂದು ತಿಳಿಯದೆ ಅವಳು ಪುಸ್ತಕ ಮುಚ್ಚಿದಳು. ಆಮೇಲೆ ನನ್ನ ಪಕ್ಕ ಕೂತಳು. ಅಷ್ಟು ಹತ್ತಿರ ಕೂತದ್ದು ಅದೇ ಮೊದಲು.

"ಫಿಂಟನ್, ನನ್ನ ದನಿ ಒಂಟಿಯಾಗಿದ್ರೆ ತಾನೇ ಕಿತ್ತು ಹಾಕೋದು?"

"ಹೌದು."

"ಶುಕ್ರವಾರದ ಸೀನಲ್ಲಿ ಊರೋರು ಐವತ್ತು ಜನ ಇರ್ತಾರೆ. ನಾನು ಮಾತು ಮುಗಿಸೋಕೆ ಕಾಯ್ದೆ ಅವರೆಲ್ಲ ನನ್ ಮೇಲೆ ಬಿದ್ದು ಮಾತಾಡಿದ್ರೆ? ನಮ್ಮನೆಗಳಲ್ಲಿ ಮಾತಾಡೋ ಹಾಗೆ?"

ನನಗೆ ತಿಳಿಯಿತು. "ನಡುವೆ ಒಂದೇ ಮೈಕಿಟ್ರೆ ಯಾರಪ್ಪನಿಗೂ ಬಿಡಿಸೋಕಾಗಲ್ಲ. ನಿನ್ನ ದನಿ ತೆಗೆದ್ರೆ ಊರೇ ಮೂಕ ಆಗುತ್ತೆ. ಆ ಸೀನ್ ಇಲ್ದೆ ಕಥೆನೇ ಇಲ್ಲ. ಅದೊಂದರಲ್ಲಿ ನಿನ್ನ ದನಿ ಇಟ್ಟು, ಉಳಿದಿದ್ದಕ್ಕೆ ಇನ್ನೊಬ್ಬಳ ದನಿ ಹಾಕಿದ್ರೆ ಜನ ನಗ್ತಾರೆ."

"ನಿನ್ನ ಕೆಲಸ ಹೋಗುತ್ತೆ."

"ನಿಂದೂ."

"ಹೋಗ್ಲಿ. ಮುಖ ಮಾತ್ರ ಬಾಡಿಗೆಗೆ ಕೊಡೋಕೆ ನಾನೇನು ಬಟ್ಟೆ ಅಂಗಡಿ ಬೊಂಬೆನಾ?"

ಎರಡು ದಿನ ಅವಳು ಮನೆಮನೆಯ ಅಡುಗೆಮನೆಗೆ ಹೋಗಿ ಟೀ ಕುಡಿದು ಬಂದಳು. ಅವಳನ್ನು ಸಾಕಿದ ಚಿಕ್ಕಮ್ಮ ಅಟ್ರಾಕ್ಟಾಳಿಗಂತೂ ಹೇಳಿಕೊಡುವುದೇನೂ ಇರಲಿಲ್ಲ. ಬೇರೆಯವರ ಮಾತು ಮುಗಿಯುವವರೆಗೆ ಆಕೆ ಜನ್ಮದಲ್ಲೇ ಕಾದವಳಲ್ಲ.

ಶುಕ್ರವಾರ ಬಂತು. ಸೀನ್ ಇಷ್ಟೇ: ಮುದಿ ದೋಣಿ ಮಾಲೀಕನನ್ನು ಮದುವೆಯಾಗು ಎಂದು ಊರು ಒತ್ತಾಯಿಸುತ್ತದೆ, ಹುಡುಗಿ ಒಲ್ಲೆ ಎನ್ನುತ್ತಾಳೆ. ನಾನು ಒಂದೇ ಮೈಕನ್ನು ಗುಂಪಿನ ನಟ್ಟನಡುವೆ ಇಳಿಬಿಟ್ಟೆ. ಆಕ್ಷನ್ ಎಂದದ್ದೇ ತಡ, ಕಿಲ್ಲಿಬೆಗ್ಸ್ ಕಿವಿಯೊಳಗೆ ಸಿಡಿಯಿತು.

"ಇಪ್ಪತ್ತೇಳಾಯ್ತು ಕಣೇ ನಿಂಗೆ! ಇನ್ನೇನು ರಾಜಕುಮಾರ ಹಡಗಲ್ಲಿ ಬರ್ತಾನಾ?" ಅಟ್ರಾಕ್ಟಾ ಚೀರಿದಳು. ಸ್ಕ್ರಿಪ್ಟಿನಲ್ಲಿ ಹುಡುಗಿಗೆ ಹತ್ತೊಂಬತ್ತು.

"ಬರದಿದ್ರೆ ಬೇಡ ಚಿಕ್ಕಮ್ಮ! ನೀವು ತೋರಿಸಿದೋನು ನಂಗೆ ಬೇಡ!"

"ಅವನಿಗೆ ಎರಡು ದೋಣಿ ಇದೆ!" "ಹಲ್ಲೂ ಎರಡೇ ಇರೋದು!" "ಸುಮ್ನಿರೋ, ಅವಳು ಹೇಳ್ಲಿ!" "ಅವಳೇನು ಹೇಳೋದು!"

"ಹೇಳ್ತೀನಿ!" ಫಿಡೆಲ್ಮಾಳ ದನಿ ಅವೆಲ್ಲದರ ಒಳಗಿಂದಲೇ ಎದ್ದಿತು, ಗಾಳಿಗೆ ಎದೆಗೊಟ್ಟ ಹಾಯಿಯಂತೆ. "ನನ್ನ ಬಾಯಿ ಮುಚ್ಚಿಸೋನು ಬೇಡ ನಂಗೆ. ನನ್ನ ಮಾತು ಕೇಳಿಸ್ಕೊಳ್ಳೋನು ಒಬ್ಬ ಇದಾನೆ. ಮದುವೆ ಆದ್ರೆ ಅವನನ್ನೇ ಆಗ್ತೀನಿ. ಇಲ್ದಿದ್ರೆ ಹೀಗೇ ಇರ್ತೀನಿ!"

ಅದು ಸ್ಕ್ರಿಪ್ಟಿನಲ್ಲಿರಲಿಲ್ಲ. ಐವತ್ತು ತಲೆಗಳ ಮೇಲಿಂದ ಅವಳು ನೋಡಿದ್ದು ಕ್ಯಾಮೆರಾವನ್ನಲ್ಲ.

"ಮತ್ತೊಮ್ಮೆ! ಅವಳೊಬ್ಬಳೇ ಮಾತಾಡಲಿ!" ಪ್ರೂಯೆಟ್ ಕೂಗಿದ.

ಆದರೆ ಜನ ಆಗಲೇ ದೋಣಿಗಳ ಕಡೆ ಹೊರಟಿದ್ದರು. "ಉಬ್ಬರ ಇಳಿಯೋಕೆ ಮುಂಚೆ ಹೊರಡ್ಬೇಕು ಸಾಹೇಬ್ರೇ," ಎಂದನೊಬ್ಬ ಮೀನುಗಾರ. "ಮೀನು ನಿಮ್ಮ ಸಿನಿಮಾಗೆ ಕಾಯಲ್ಲ." ಮರುದಿನ ಕರೆದರೆ ಒಬ್ಬರೂ ಬರಲಿಲ್ಲ. ಎಲ್ಲರಿಗೂ ಒಮ್ಮೆಲೇ ಏನೇನೋ ಕೆಲಸ ಹುಟ್ಟಿಕೊಂಡಿತ್ತು.

ಟೇಪು ಕೇಳಿದ ಪ್ರೂಯೆಟ್ ನನ್ನನ್ನು ನಿಂತ ನಿಲುವಿನಲ್ಲೇ ಕೆಲಸದಿಂದ ತೆಗೆದ. ಫಿಡೆಲ್ಮಾಳನ್ನು ಹುಡುಕಿಕೊಂಡು ಅವನು ಅಟ್ರಾಕ್ಟಾಳ ಮನೆಗೆ ಬಂದಾಗ ನಾವು ಮೂವರೂ ಹುರಿದ ಬಂಗುಡೆ, ಬೇಯಿಸಿದ ಆಲೂಗಡ್ಡೆ ತಿನ್ನುತ್ತಾ ಕೂತಿದ್ದೆವು.

"ಕೊನೆ ಮಾತು, ಮಿಸ್ ಟ್ಯಾನ್ಸಿ. ಸೋಮವಾರ ಲಂಡನ್ನಿಗೆ ಬನ್ನಿ. ಆ ಸೀನ್ ಬಿಟ್ಟು ಉಳಿದಿದ್ದಕ್ಕೆಲ್ಲ ನೀವೇ ಶುದ್ಧ ಇಂಗ್ಲಿಷಲ್ಲಿ ಮತ್ತೆ ದನಿ ಕೊಡಿ. ಐದು ವರ್ಷದ ಕಾಂಟ್ರ್ಯಾಕ್ಟ್ ಉಳಿಯುತ್ತೆ. ಇಲ್ಲಾಂದ್ರೆ ಲಂಡನ್ನಲ್ಲಿ ಯಾರೂ ನಿಮಗೆ ಬಾಗಿಲು ತೆರೆಯದ ಹಾಗೆ ನೋಡ್ಕೋತೀನಿ."

ಫಿಡೆಲ್ಮಾ ನನ್ನತ್ತ ತಿರುಗಿದಳು. "ನೀನೇನಂತೀಯ?"

ಹೋಗಬೇಡ ಅನ್ನಬೇಕೆನಿಸಿತು. ಆ ಪದ ನಾಲಿಗೆಯ ತುದಿಯಲ್ಲೇ ಇತ್ತು. "ದನಿ ನಿಂದು," ಎಂದೆ. "ಹೇಳೋಳೂ ನೀನೇ."

ಅವಳು ಮೀನಿನ ಮುಳ್ಳನ್ನು ನಿಧಾನವಾಗಿ ತಟ್ಟೆಯ ಅಂಚಿಗಿಟ್ಟಳು. "ಸೋಮವಾರ ನಂಗೆ ಪುರುಸೊತ್ತಿಲ್ಲ, ಮಿಸ್ಟರ್ ಪ್ರೂಯೆಟ್. ಸೋಮವಾರ ನನ್ನ ಮದುವೆ."

ಆ ವಿಷಯ ನನಗೂ ಗೊತ್ತಾದದ್ದು ಆಗಲೇ.

"ಸೋಮವಾರ ಹೆಂಗಾಗುತ್ತೆ ಕಣೇ?" ಅಟ್ರಾಕ್ಟಾ ನಡುವೆ ಬಾಯಿ ಹಾಕಿದಳು. "ಪಾದ್ರಿಗಳು ಮೂರು ಭಾನುವಾರ ಚರ್ಚಲ್ಲಿ ಮದುವೆ ವಿಷಯ ಸಾರಬೇಕು!"

"ಹಾಗಾದ್ರೆ ಮೂರು ಸೋಮವಾರನೂ ನಂಗೆ ಪುರುಸೊತ್ತಿಲ್ಲ."

ಪ್ರೂಯೆಟ್ ಬಾಗಿಲು ಬಡಿದು ಹೋದ. ಆಡಿದ ಮಾತು ಉಳಿಸಿಕೊಂಡ: ಒಂಬತ್ತು ವರ್ಷ ಲಂಡನ್ ಅವಳನ್ನು ಕರೆಯಲಿಲ್ಲ. ಆದರೆ ಸಿನಿಮಾ ಅವಳ ದನಿಯಲ್ಲೇ ಬಿಡುಗಡೆಯಾಯಿತು. ಡಬ್ಲಿನ್‌ನ ಥಿಯೇಟರಿನಲ್ಲಿ ಆ ಜಗಳದ ಸೀನಿಗೆ ಜನ ಕುರ್ಚಿ ಬಿಟ್ಟೆದ್ದು ಕೂಗಿದರು. ಆಮೇಲೆ ನಾಟಕ, ಚಿಕ್ಕಪುಟ್ಟ ಸಿನಿಮಾ, ಟೆಲಿವಿಷನ್. ಮುಂದೊಂದು ದಿನ ಲಂಡನ್ ಕರೆದಾಗ ಅವಳು ಹಾಕಿದ ಷರತ್ತು ಒಂದೇ: ನಾನು ಹೀಗೇ ಮಾತಾಡೋದು. ಅವರು ಒಪ್ಪಿದರು.

ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ನಾವಿಬ್ಬರೂ ಅಟ್ರಾಕ್ಟಾಳ ಹೊಸ್ತಿಲ ಮೇಲೆ ಕೂತಿದ್ದೆವು, ಇಬ್ಬರಿಗೂ ಕೆಲಸವಿಲ್ಲದೆ. ಕೊಲ್ಲಿಯ ಮೇಲೆ ಬಿಸಿಲು ಮಿನುಗುತ್ತಿತ್ತು. ಅವಳ ಮುಂಗೈ ನನ್ನ ತೋಳಿಗೆ ತಗುಲಿದ್ದು ಅಲ್ಲೇ ಉಳಿಯಿತು.

"ನನ್ನನ್ನ ಒಂದು ಮಾತು ಕೇಳಲೇ ಇಲ್ಲ ನೀನು," ಎಂದೆ.

"ಕೇಳಿದ್ರೆ ನೀನು ಯೋಚನೆ ಮಾಡ್ತಿದ್ದೆ. ಆರ್ಡರಾದೋರು ಒಂದು ಕೋಟು ನೇಯೋಕೇ ಚಳಿಗಾಲ ಪೂರ್ತಿ ತಗೋತೀರ." ಹಾಗೆಂದವಳು ಸಟ್ಟನೆ ತಲೆ ತಗ್ಗಿಸಿದಳು. ಇಡೀ ಕಂಪನಿಗೆ ಸವಾಲು ಹಾಕಿದವಳ ಬಾಯಲ್ಲಿ ಮಾತು ತಡವರಿಸಿತು. "ನಿಂಗೆ ಇಷ್ಟ ಇಲ್ದಿದ್ರೆ... ಈಗಲೇ ಹೇಳಿಬಿಡು, ಫಿಂಟನ್."

ನಾನು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದೆ. ಮೀನು, ಬೆಣ್ಣೆ, ಉಪ್ಪುಗಾಳಿಯ ವಾಸನೆ. ಇಷ್ಟೇ ಇಷ್ಟು ದೂರದಲ್ಲಿ ಆ ಕಣ್ಣುಗಳು, ಮೊದಲ ಬಾರಿಗೆ ಹೆದರಿದ್ದವು.

"ಇಷ್ಟ ಇದೆ," ಎಂದೆ. ದನಿ ಒಡೆದು ಹೋಯಿತು.

"ಏನಂದೆ? ಕೇಳಿಸ್ಲಿಲ್ಲ," ಎಂದಳು ತುಂಟಿ, ಕಣ್ಣಲ್ಲಿ ನೀರು ತುಂಬಿಕೊಂಡೇ.

ನಾನು ಎದ್ದು ನಿಂತು ಇಡೀ ಬೀದಿಗೆ ಕೇಳುವ ಹಾಗೆ ಕೂಗಿ ಹೇಳಿದೆ.